ಕುಪ್ಪೇಲೂರಿನ ದಾರಿಯಲ್ಲಿ

ಪ್ರವಾಸವೃತ್ತಾಂತವೆಂದೊಡನೆ ವಾಚಕರು ಕಾಶಿ, ಬದರಿ, ರಾಮೇಶ್ವರಗಳನ್ನೋ, ಸಮುದ್ರದಾಚೆಯ ಪಟ್ಟಣಗಳನ್ನೋ ನಿರೀಕ್ಷಿಸುವದು ಸಹಜವು. ನಾನು ಹೇಳಹೊರಟಿರುವದು ಕುಪ್ಪೇಲೂರಿನ ಮಾತು. ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲೂಕಿಗೆ ಸೇರಿದ ಗ್ರಾಮವದು. ಹಾವೇರಿಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತಾದರೂ, ನನ್ನ ವಯಸ್ಸಿನ ಧಾರವಾಡದವರ ಬಾಯಲ್ಲಿ ಅದಿನ್ನೂ 'ನಮ್ಮ ಜಿಲ್ಲೆ'ಯೇ ಆಗಿ ಉಳಿದಿದೆ. ಊರಿನ ಹೊಲಗಳನ್ನೂ ಹಬ್ಬವನ್ನೂ ವರ್ಣಿಸಿ ನಾಲ್ಕು ಪುಟ ಬರೆಯಬೇಕೆಂದು ಮನಸ್ಸಿನಲ್ಲಿಟ್ಟುಕೊಂಡೇ ನಾನು ಹೊರಟಿದ್ದೆನು. ಆದರೆ ಊರಬಾಗಿಲಿನಲ್ಲಿ ಅರ್ಧ ನಿಮಿಷದೊಳಗೆ ನಡೆದುಹೋದ ಒಂದು ಪ್ರಸಂಗವು ಆ ನಾಲ್ಕು ಪುಟಗಳನ್ನೂ ಆಕ್ರಮಿಸಿಬಿಟ್ಟಿದೆ. ಮನೆಯಲ್ಲಿ ಮೋಟಾರು ಇಟ್ಟುಕೊಂಡ ಗೃಹಸ್ಥರಿಗೆ ಅದು ಉಪಯೋಗಕ್ಕೆ ಬಂದೀತೆಂದು ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ. ಸಂಕೋಚವೇಕೆಂಬದು ಮುಂದೆ ತಿಳಿಯುವದು.

2025ರ ಅಕ್ಟೋಬರ್ ತಿಂಗಳು. ದಸರೆ ಮುಗಿದು ಸೀಗಿಹುಣ್ಣಿಮೆ ಬಂದಿತ್ತು. ಕುಪ್ಪೇಲೂರಿನಲ್ಲಿ ನೆಲೆಸಿರುವ ನನ್ನ ಹಳೆಯ ಸಹೋಪಾಧ್ಯಾಯರು, "ಈ ಸಲ ಚರಗಕ್ಕೆ ಬರಲಿಕ್ಕೇ ಬೇಕು" ಎಂದು ಎರಡೆರಡು ಸಲ ಫೋನು ಮಾಡಿದ್ದರು. ಸೀಗಿಹುಣ್ಣಿಮೆಯು ನಮ್ಮ ಕಡೆಯ ರೈತರ ಮನೆಗಳಲ್ಲಿ ಬಸುರಿಗೆ ಬಯಕೆಯೂಟ ಬಡಿಸುವ ಹಬ್ಬದಂತೆ ನಡೆಯುವದು. ತೆನೆಗಟ್ಟಿದ ಭೂಮಿಯೇ ಇಲ್ಲಿ ಬಸುರಿ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ನೈವೇದ್ಯವನ್ನು ಬೆಳೆಯ ಮೇಲೆ ಚೆಲ್ಲುತ್ತ ಕೂಗಿಕೊಂಡು ಹೊಲವನ್ನು ಸುತ್ತುತ್ತಾರೆ. ಆ ಚೆಲ್ಲುವದೇ ಚರಗವು.

ಹೊರಟವರು ಮೂವರು: ನಾನು, ನಮ್ಮ ಮನೆಯವರು, ಮತ್ತು ಬಂಡಿ ನಡೆಸುವದಕ್ಕೆ ನನ್ನ ತಂಗಿಯ ಮಗಳು. ಬಂಡಿಯು ಅವಳದೇ, ಗೇರನ್ನು ಕೈಯಿಂದ ಬದಲಿಸುವ, ಪೆಟ್ರೋಲಿನಿಂದ ಓಡುವ ಸಣ್ಣ ಮೋಟಾರು. ಕೊಂಡು ವರ್ಷವಾಗಿರಲಿಲ್ಲ. ಇಲ್ಲಿಯೇ ನನ್ನ ಅಪರಾಧವು ಆರಂಭವಾಗುತ್ತದೆ. ಆಶ್ವಯುಜದ ಮಳೆಗೆ ನೆನೆದ ಎರೆಮಣ್ಣು ಎಂಥದೆಂಬದು ಬಲ್ಲವರಿಗೆ ಗೊತ್ತು. ಮೆಟ್ಟಿಗೆ ಅಂಟಿದರೆ ಸೇರು ಸೇರು ತೂಗುವದು, ಒಣಗಿದರೆ ಕಲ್ಲಾಗುವದು. ಹೊಲದಿಂದ ತಿರುಗಿ ಬರುವಾಗ ಹುಡುಗಿಯ ಹೊಸ ಬಂಡಿ ಕೆಟ್ಟೀತೆಂದು, ಮನೆಯಲ್ಲಿದ್ದ ಒಂದು ಹಳೆಯ ಕೌದಿಯ ತುಂಡನ್ನು ಮಡಿಚಿ, ಅವಳ ಪಾದಗಳ ಕೆಳಗೆ ಮೊದಲೇ ಇದ್ದ ರಬ್ಬರಿನ ಹಾಸಿನ ಮೇಲೆ ನಾನೇ ನನ್ನ ಕೈಯಾರೆ ಹಾಸಿದೆನು. "ಬ್ಯಾಡ ಬಿಡ್ರಿ ಮಾಮಾ" ಎಂದು ಅವಳು ಒಮ್ಮೆ ಅಂದಳು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಅಷ್ಟು ಮೆಲ್ಲನೆ ಅಂದ ಮಾತು ಕೇಳಿಸುವದಿಲ್ಲ.

ಧಾರವಾಡದಿಂದ ಹುಬ್ಬಳ್ಳಿ, ಅಲ್ಲಿಂದ ಹಾವೇರಿ. ಹೆದ್ದಾರಿಯ ಪ್ರಯಾಣದಲ್ಲಿ ವರ್ಣಿಸುವದಕ್ಕೆ ಹೆಚ್ಚಿಗೇನೂ ಇಲ್ಲ. ಹಿಂದೆ ರಸ್ತೆಯು ಊರೊಳಗೆ ಹೊಕ್ಕು ಹೊರಡುತ್ತಿದ್ದ ಕಾಲದಲ್ಲಿ ಪ್ರತಿಯೊಂದು ಊರಿನ ಚಹದ ರುಚಿಯೂ ಪ್ರಯಾಣಿಕನಿಗೆ ತಿಳಿದಿರುತ್ತಿತ್ತು. ಈಗ ಊರುಗಳೆಲ್ಲ ಹಸಿರು ಫಲಕಗಳ ಮೇಲಿನ ಅಕ್ಷರಗಳಾಗಿವೆ. ಕನಕದಾಸರ ಕಾಗಿನೆಲೆ ಒಂದು ಬಾಣದ ಗುರುತಾಗಿ ಹೋಯಿತು. ಮೋಟೆಬೆನ್ನೂರಿನ ಹತ್ತರ ಬ್ಯಾಡಗಿಯ ನೆನಪಾಯಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರುಗೊಂಡ ಆ ಸುಕ್ಕುಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ನಮ್ಮ ಮನೆಯವರು, "ಬರುವಾಗ ಎರಡು ಕಿಲೋ ತರೋಣ" ಎಂದರು. ಹುಡುಗಿಯು ಗಂಟೆಗೆ 80 ಕಿಲೋಮೀಟರಿನಂತೆ ಒಂದೇ ಸಮನೆ ಸಾಗುತ್ತಿದ್ದಳು.

ಆ ವೇಗವನ್ನು ಕಂಡು ನನಗೆ ನಳೋಪಾಖ್ಯಾನವು ಸ್ಮರಣೆಗೆ ಬಂದಿತು. ಬಂದುದನ್ನು ಹೇಳದೆ ಇರುವದು ನನ್ನಿಂದಾಗದ ಕೆಲಸ. ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನು ಋತುಪರ್ಣನ ರಥವನ್ನು ವಿದರ್ಭಕ್ಕೆ ಓಡಿಸುತ್ತಿರಲು, ಅರಸನ ಉತ್ತರೀಯವು ಜಾರಿ ಕೆಳಗೆ ಬಿದ್ದಿತಂತೆ. "ರಥ ನಿಲ್ಲಿಸು, ಎತ್ತಿಕೊಳ್ಳುವೆನು" ಎಂದು ಅರಸನು ಹೇಳಿ ಮುಗಿಸುವಷ್ಟರಲ್ಲಿ ಉತ್ತರೀಯವು ಒಂದು ಯೋಜನ ಹಿಂದೆ ಉಳಿದಿತ್ತು. ಹುಡುಗಿಯು ಕಥೆಯನ್ನು ಕೇಳಿ, "ಹಂಗಾದರ ನಿಲ್ಲಿಸೂದು ಕಲಿಸಿದ್ದರಿಲ್ಲೋ ಮಾಮಾ ಅವಗ?" ಎಂದಳು. ನಾನು ನಕ್ಕು, ಅಶ್ವಹೃದಯವನ್ನು ಬಲ್ಲವನಿಗೆ ನಿಲ್ಲಿಸುವದೇನು ಕಷ್ಟವೆಂದೆನು.

ರಾಣೇಬೆನ್ನೂರಿನಲ್ಲಿ ಹೆದ್ದಾರಿಯನ್ನು ಬಿಟ್ಟೆವು. ಬಿತ್ತನೆಯ ಬೀಜದ ವ್ಯಾಪಾರಕ್ಕೆ ಈ ಪೇಟೆಯು ಹೆಸರಾದುದು. ಪಟ್ಟಣದ ಆಚೆಗೆ ಕೃಷ್ಣಮೃಗಗಳ ಅಭಯಾರಣ್ಯವೂ ಇದೆ, 1974ರಲ್ಲಿ ಸ್ಥಾಪಿತವಾದುದು. ಹಳ್ಳಿಯ ದಾರಿ ಹಿಡಿದೊಡನೆ ಮನಸ್ಸಿಗೆ ಹಾಯೆನಿಸಿತು. ಹಿಂದೆ ಜೋಳ, ಹತ್ತಿ, ಮೆಣಸಿನಕಾಯಿ ಕಾಣುತ್ತಿದ್ದ ಹೊಲಗಳಲ್ಲಿ ಈಗ ಎತ್ತ ನೋಡಿದರೂ ಗೋವಿನಜೋಳವೇ. ಎರೆಯಲ್ಲಿಯೂ ಅದೇ, ಕೆಂಪುಮಣ್ಣಿನಲ್ಲಿಯೂ ಅದೇ. ಕೆಲವು ಹೊಲಗಳಲ್ಲಿ ತೆನೆ ಮುರಿದಾಗಿತ್ತು. ಮಳೆ ಬಿಡುವು ಕೊಟ್ಟು ಎರಡು ದಿನವಾಗಿತ್ತಾದುದರಿಂದ ಒಕ್ಕಿದ ಕಾಳನ್ನು ಒಣಹಾಕುವ ಅವಸರವು ಎಲ್ಲ ಕಡೆಗೂ ಕಾಣುತ್ತಿತ್ತು. ಒಣಹಾಕುವದಾದರೂ ಎಲ್ಲಿ? ಮೊದಲಿನಂತೆ ಸೆಗಣಿ ಸಾರಿಸಿದ ಕಣಗಳು ಈಗ ಉಳಿದಿಲ್ಲ. ಬಿಸಿಲಿಗೆ ಕಾಯ್ದ ಡಾಂಬರಿನ ರಸ್ತೆಯೇ ಕಣವಾಗಿದೆ. ಅರ್ಧ ರಸ್ತೆಯ ಮೇಲೆ ಬಂಗಾರದ ಹಾಸಿನಂತೆ ಕಾಳು, ಅದರ ಅಂಚಿಗೆ ವಾಹನಗಳು ಹಾಯದಿರಲೆಂದು ಇಟ್ಟ ಕಲ್ಲುಗಳು, ಹೊರಳಿಸುತ್ತ ಕಾವಲು ಕುಳಿತ ಹೆಂಗಸರು, ಮಕ್ಕಳು. ಇದು ಅಪಾಯಕರವೆಂದು ಹೇಳುವದು ಸುಲಭವು. ಮೋಡ ಕವಿಯುವದರೊಳಗೆ ಮೂವತ್ತು ಚೀಲ ಕಾಳನ್ನು ಒಣಗಿಸಬೇಕಾದವರಿಗೆ ಬೇರೆ ಜಾಗವನ್ನು ತೋರಿಸಿಕೊಟ್ಟು ಆಮೇಲೆ ಹೇಳುವದು ನ್ಯಾಯವು.

ಊರು ಇನ್ನು ಅರ್ಧ ಮೈಲಿರಬಹುದು. ಮುಂದೆ ಹೊಟ್ಟು ಹೇರಿದ ಟ್ರ್ಯಾಕ್ಟರು ಮಂದಗತಿಯಿಂದ ಹೋಗುತ್ತಿತ್ತು. ಅದನ್ನು ದಾಟುವದಕ್ಕಾಗಿ ಹುಡುಗಿಯು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು. ದಾಟಿಯೂ ಆಯಿತು. ಅನಂತರ ಕಾಲು ತೆಗೆದಳು. ಆದರೆ ಪೆಡಲು ಮೇಲಕ್ಕೆ ಬರಲಿಲ್ಲ.

"ಮಾಮಾ, ಪೆಡಲ್ ಮ್ಯಾಲೆ ಬರವಲ್ದು!"

ಬಂಡಿಯು ಗರ್ಜಿಸುತ್ತ ಮುಂದಕ್ಕೆ ನುಗ್ಗಿತು. ಮುಳ್ಳು 70 ದಾಟಿ 80ರ ಕಡೆಗೆ ಏರುವದನ್ನು ನಾನು ಕಣ್ಣಾರೆ ಕಂಡೆನು. ಎದುರಿಗೆ ರಸ್ತೆಯ ಎಡಕ್ಕೆ ಗೋವಿನಜೋಳದ ಹಾಸು. ಅದರ ನಡುವೆ ಕಾಲಿನಿಂದ ಕಾಳು ಸರಿಸುತ್ತ ಬರುವ ಒಬ್ಬ ಮುದುಕಿ. ಅಂಚಿಗೆ ಆಡುವ ಎರಡು ಮಕ್ಕಳು. ಗಂಟೆಗೆ 80 ಕಿಲೋಮೀಟರೆಂದರೆ ಸೆಕೆಂಡಿಗೆ 22 ಮೀಟರು. ಈ ಲೆಕ್ಕವನ್ನು ಮಾಡಿದ್ದು ಮರುದಿವಸ. ಆ ಹೊತ್ತಿನಲ್ಲಿ ನನಗೆ ಹೊಳೆದುದು ಒಂದೇ ಮಾತು. ತರಗತಿಯಲ್ಲಿ ಕೂಗುತ್ತಿದ್ದ ಅದೇ ಧ್ವನಿಯಿಂದ ಕೂಗಿದೆನು: "ಚಾವಿ ತೆಗಿ! ಚಾವಿ ಹಿರಿದು ತೆಗಿಯವ್ವಾ!"

ಅವಳು ತೆಗೆಯಲಿಲ್ಲ. ಒಮ್ಮೆ ಬ್ರೇಕು ಒತ್ತಿ ಬಿಟ್ಟಳು, ಮತ್ತೊಮ್ಮೆ ಒತ್ತಿದಳು. ಬಂಡಿಯ ವೇಗವು ತಗ್ಗಿದರೂ ನಿಲ್ಲುವ ಲಕ್ಷಣ ಕಾಣಲಿಲ್ಲ. ಬ್ರೇಕಿನ ಪೆಡಲು ಕಲ್ಲಿನಂತಾಯಿತೆಂದು ಅವಳು ಅನಂತರ ಹೇಳಿದಳು. ಆಗ ಎಡಗಾಲಿನಿಂದ ಕ್ಲಚ್ಚನ್ನು ತಳಕ್ಕೆ ಮುಟ್ಟುವವರೆಗೆ ಒತ್ತಿ, ಬಲಗಾಲನ್ನು ಬ್ರೇಕಿನ ಮೇಲೆ ಊರಿ, ಸೀಟಿಗೆ ಬೆನ್ನು ಹಚ್ಚಿ, ಮೈಭಾರವನ್ನೆಲ್ಲ ಆ ಎರಡು ಪಾದಗಳ ಮೇಲೆ ಹಾಕಿದಳು. ಇಂಜಿನು ಕಿವಿ ಹರಿಯುವಂತೆ ಚೀರಿತು. ಆದರೆ ಆ ಚೀರಾಟಕ್ಕೂ ಗಾಲಿಗಳಿಗೂ ಆಗಲೇ ಸಂಬಂಧ ಹರಿದಿತ್ತು. ಬಂಡಿಯು ಎಡದ ಮಣ್ಣಿನಂಚಿಗೆ ಇಳಿದು, ಕಾಳಿನ ಗುರುತಿಗಿಟ್ಟ ಮೊದಲನೆಯ ಕಲ್ಲಿಗೆ ನಾಲ್ಕು ಮಾರು ಈಚೆಗೇ ನಿಂತಿತು. ನಿಂತ ಮೇಲೆ ಅವಳು ಗೇರನ್ನು ತೆಗೆದು, ಕೈಬ್ರೇಕು ಎಳೆದು, ಚಾವಿಯನ್ನು ತಿರುವಿದಳು. ನಿಶ್ಶಬ್ದವಾಯಿತು. ನಮ್ಮ ಮನೆಯವರು ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟನ್ನು ಅವಚಿಕೊಂಡಂತೆಯೇ ಕುಳಿತಿದ್ದರು.

ಮುದುಕಿಯು ಹತ್ತಿರ ಬಂದು ನಮ್ಮನ್ನು ಬಯ್ಯುವಳೆಂದುಕೊಂಡೆನು. ಆಕೆಯು ಹುಡುಗಿಯ ನಡುಗುವ ಕೈಗಳನ್ನು ನೋಡಿ, "ಯಾಕವ್ವಾ, ಗಾಡಿ ಹರಕೊಂಡು ಬಂತಾ? ಇಳದು ನೀರು ಕುಡಿ ಬಾ" ಎಂದಳು. ಎತ್ತು ಕಣ್ಣಿ ಹರಿದುಕೊಂಡು ಓಡುವದನ್ನು ಹೇಳುವ ಮಾತೇ ಅದು. ದೀಪಾವಳಿಗೆ ಹೋರಿ ಬೆದರಿಸುವ ಈ ನಾಡಿನಲ್ಲಿ ಹರಿದುಕೊಂಡು ಬರುವ ಪ್ರಾಣಿಯು ಹೊಸದಲ್ಲ. ಹೋರಿಗಾದರೆ ಜನರು ದಾರಿ ಬಿಟ್ಟು ನಿಂತಿರುತ್ತಾರೆ.

ಬಾಗಿಲು ತೆರೆದು ನೋಡಿದೆವು. ನಾನು ಹಾಸಿದ ಕೌದಿಯ ತುಂಡು ಮುಂದಕ್ಕೆ ಸರಿದು, ಮಡಿಕೆ ಬಿಚ್ಚಿ, ಅದರ ದಪ್ಪ ಅಂಚು ಆಕ್ಸಿಲರೇಟರಿನ ಮೇಲೆ ಗಾಳದಂತೆ ಕೂತಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಹುಡುಗಿಯು ನನ್ನ ಮುಖವನ್ನು ನೋಡಲಿಲ್ಲ. ಆ ದಾಕ್ಷಿಣ್ಯವು ಬಯ್ಗುಳಕ್ಕಿಂತ ಭಾರವಾಗಿತ್ತು.

ಸಂಜೆ ಚರಗ ಮುಗಿಸಿ ಬಂದ ಮೇಲೆ ಮಿತ್ರರ ಮನೆಯ ಕಟ್ಟೆಯ ಮೇಲೆ ಇದೇ ಮಾತು. (ಊಟದ ವಿಷಯವನ್ನು ಪೂರ್ತಿ ಬಿಡುವದು ಕೃತಘ್ನತೆಯಾದೀತು. ಸಜ್ಜೆಯ ಕಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರಬುತ್ತಿ, ಕರ್ಚಿಕಾಯಿ. ಹೊಲದ ಬದುವಿನಲ್ಲಿ ಕುಳಿತು ಉಂಡದ್ದು ನಿಜ; ಆದರೆ ನನ್ನ ನಾಲಗೆಗೆ ಅಂದು ರುಚಿ ಹತ್ತಲಿಲ್ಲ.) ಕಟ್ಟೆಗೆ ಬಂದವರಲ್ಲಿ ಸರಕಾರಿ ಬಸ್ಸನ್ನು ಮೂವತ್ತು ವರ್ಷ ನಡೆಸಿ ನಿವೃತ್ತರಾದ ಒಬ್ಬರಿದ್ದರು. ಅವರು ಹುಡುಗಿಯನ್ನು ಎದುರಿಗೆ ಕೂಡ್ರಿಸಿಕೊಂಡು ಒಂದೊಂದಾಗಿ ಕೇಳಿದರು. ಇಂಥ ಪರೀಕ್ಷಕರನ್ನು ನಾನು ವಿಶ್ವವಿದ್ಯಾಲಯದಲ್ಲಿಯೂ ಕಂಡಿಲ್ಲ.

"ಬ್ರೇಕ್ ಎಷ್ಟು ಸಲ ಒತ್ತಿದಿ?"

"ಎರಡು ಸಲರೀ. ಎರಡನೇ ಸಲಕ್ಕ ಗಟ್ಟಿ ಆತು."

"ಅದ ನೋಡು ತಪ್ಪು. ಒಮ್ಮೆ ಒತ್ತಿದ ಬ್ರೇಕ್ ಗಾಡಿ ನಿಲ್ಲೂತನಕ ಬಿಡಬಾರದು. ಚಾವಿ ತೆಗಿ ಅಂದವರು ಯಾರು?"

ನಾನೆಂದೆನು.

"ಮಾಸ್ತರ, ಆಕಿ ನಿಮ್ಮ ಮಾತು ಕೇಳಲಿಲ್ಲ, ಪುಣ್ಯ ಬಂತ್ರಿ."

ಮಾತನ್ನು ಪಾಲಿಸದ ಶಿಷ್ಯರಿಂದ ನನಗೆ ಪುಣ್ಯ ಬಂದುದು ಅದೇ ಮೊದಲು. ಅವರು ಹೇಳಿದ್ದನ್ನೂ, ಊರಿಗೆ ಮರಳಿದ ಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಕೂಡಿಸಿ ಹೇಳುತ್ತೇನೆ.

ಮೊದಲು ಚಾವಿಯ ಮಾತು. ಚಾವಿ ತಿರುವಿ ಇಂಜಿನನ್ನು ಆರಿಸಿದರೆ ಬಂಡಿಯು ವೇಗವನ್ನು ಹೆಚ್ಚಿಸುವದು ನಿಲ್ಲುವದು ನಿಜವು. ಆದರೆ ಅದರೊಂದಿಗೆ ಚಕ್ರವನ್ನು ಹಗುರಾಗಿ ತಿರುಗಿಸಲು ಸಿಗುವ ಸಹಾಯವೂ, ಬ್ರೇಕಿಗೆ ಸಿಗುವ ಸಹಾಯವೂ ಹೋಗುವವು. ಇನ್ನು ಚಾವಿಯನ್ನು ಪೂರ್ತಿ ಹಿರಿದು ತೆಗೆದರಂತೂ ಕಳ್ಳರ ಭಯಕ್ಕಾಗಿ ಇಟ್ಟ ಬೀಗವು ಸ್ಟೀರಿಂಗಿಗೆ ಬಿದ್ದು, ಓಡುವ ಬಂಡಿಯನ್ನು ಅತ್ತಿತ್ತ ಹೊರಳಿಸುವದೇ ಅಸಾಧ್ಯವಾಗುವದು. ನನ್ನ ಆಜ್ಞೆಯನ್ನು ಹುಡುಗಿ ಪಾಲಿಸಿದ್ದರೆ ನಾವು ನೆಟ್ಟಗೆ ಕಾಳಿನ ಹಾಸಿನೊಳಗೇ ಹೋಗುತ್ತಿದ್ದೆವು. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಬ್ರೇಕಿನ ಪೆಡಲು ಕಲ್ಲಾದುದಕ್ಕೂ ಕಾರಣವುಂಟು. ಪೆಟ್ರೋಲು ಬಂಡಿಯಲ್ಲಿ ನಮ್ಮ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಒಂದು ದುಂಡನೆಯ ಡಬ್ಬಿ ಇರುವದು. ಇಂಜಿನು ಗಾಳಿಯನ್ನು ಹೀರುವಾಗ ಉಂಟಾಗುವ ನಿರ್ವಾತದಿಂದ ಅದು ಕೆಲಸ ಮಾಡುವದು. ಆಕ್ಸಿಲರೇಟರು ಪೂರ್ತಿ ಒತ್ತಿಕೊಂಡಿರುವಾಗ ಗಾಳಿಯ ಬಾಗಿಲು ಹಾರುಹೊಡೆದು ತೆರೆದಿರುವದರಿಂದ ಹೊಸ ನಿರ್ವಾತವು ಹುಟ್ಟುವದಿಲ್ಲ. ಡಬ್ಬಿಯಲ್ಲಿ ಸಂಗ್ರಹವಿದ್ದಷ್ಟೇ ಗತಿ, ಅದು ಒಂದೆರಡು ಒತ್ತುವಿಕೆಗೆ ಮುಗಿಯುವದು. ಆದಕಾರಣ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುವದು ಇದ್ದ ಗಂಟನ್ನು ಕಳೆದುಕೊಂಡಂತೆ. ಒಂದೇ ಸಲ, ಬಲವಾಗಿ, ಬಿಡದೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ಬ್ರೇಕು ಇಂಜಿನಿಗಿಂತ ಬಲವುಳ್ಳದ್ದಾಗಿರುವದು. ಅಮೇರಿಕೆಯ ಒಂದು ಮೋಟಾರು ಪತ್ರಿಕೆಯವರು 2009ರಲ್ಲಿ ಪರೀಕ್ಷಿಸಿ ನೋಡಿದರು. ಗಂಟೆಗೆ 70 ಮೈಲಿನ ವೇಗದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿಯೇ ಬ್ರೇಕು ಹಾಕಿದಾಗ ಒಂದು ಕ್ಯಾಮ್ರಿ ಬಂಡಿಯು 190 ಅಡಿಗಳಲ್ಲಿ ನಿಂತಿತು. ಆಕ್ಸಿಲರೇಟರನ್ನು ಬಿಟ್ಟು ನಿಲ್ಲಿಸಿದ್ದಕ್ಕಿಂತ ಇದು ಸುಮಾರು 16 ಅಡಿಗಳಷ್ಟೇ ಹೆಚ್ಚು.

ಎಲ್ಲಕ್ಕೂ ಮೇಲಿನ ಉಪಾಯವೆಂದರೆ ಇಂಜಿನಿಗೂ ಗಾಲಿಗಳಿಗೂ ಇರುವ ನಂಟನ್ನು ಕಡಿಯುವದು. ಚಾಲಕರು ಇದನ್ನು ನನಗೆ ನನ್ನ ಬಾಲ್ಯದ ಭಾಷೆಯಲ್ಲಿ ತಿಳಿಸಿದರು: "ಎತ್ತು ಬೆದರಿ ಚಕ್ಕಡಿ ಎಳಕೊಂಡು ಓಡಿದರ ಏನ್ ಮಾಡತಿದ್ದರ್ರಿ? ಜತ್ತಿಗಿ ಕೊಯ್ದು ಬಿಡತಿದ್ದರು. ಎತ್ತು ಎತ್ತಿನ ಪಾಡಿಗೆ ಹೋಗಲಿ, ಚಕ್ಕಡಿ ನಿಂತರ ಸಾಕು. ಕ್ಲಚ್ ಅಂದ್ರ ಜತ್ತಿಗಿ ಕೊಯ್ಯೂದರಿ." ಕ್ಲಚ್ಚು ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಬಂಡಿಗಳಲ್ಲಿ ಗೇರಿನ ದಂಡವನ್ನು 'ಡಿ'ಯಿಂದ 'ಎನ್'ಗೆ, ಎಂದರೆ ನ್ಯೂಟ್ರಲ್ಲಿಗೆ ಸರಿಸಿದರೆ ಅದೇ ಫಲವು. ಇಂಜಿನು ಒದರುವದು, ಒಡೆದೇ ಹೋಗುವದೆಂಬಂತೆ ಒದರುವದು. ಹೊಸ ಬಂಡಿಗಳಲ್ಲಿ ಅತಿವೇಗದಿಂದ ಇಂಜಿನು ಕೆಡದಂತೆ ತಡೆಯುವ ವ್ಯವಸ್ಥೆ ಇದ್ದೇ ಇರುವದು. ಇರದಿದ್ದರೂ ಇಂಜಿನಿಗೆ ಬೆಲೆಯುಂಟು, ಕೊಂಡು ತರಬಹುದು. ಆ ಒದರಾಟಕ್ಕೆ ಹೆದರಿ ಮರಳಿ ಗೇರಿಗೆ ಹಾಕುವವರೂ ಉಂಟಂತೆ.

ಇಲ್ಲಿ ಒಂದು ಸಂಗತಿಯು ನನಗೆ ಆಶ್ಚರ್ಯವನ್ನುಂಟುಮಾಡಿತು. ಕಟ್ಟೆಯ ಮೇಲಿದ್ದ ಹಳ್ಳಿಯ ಹುಡುಗರನ್ನು ಚಾಲಕರು, "ಹಿಂಗಾದರ ಮೊದಲ ಏನ್ ಒತ್ತತೀರಿ?" ಎಂದು ಕೇಳಲು, ಎಲ್ಲರೂ ಒಂದೇ ಉಸಿರಿನಿಂದ "ಕ್ಲಚ್" ಎಂದರು. ಕಾರಣವೇನೆಂದರೆ, ಅವರೆಲ್ಲ ಮೊದಲು ಕಲಿತದ್ದು ಟ್ರ್ಯಾಕ್ಟರು. ಟ್ರ್ಯಾಕ್ಟರಿಗೆ ಕೈಯಿಂದ ಇಟ್ಟಲ್ಲಿಯೇ ನಿಲ್ಲುವ ವೇಗದ ದಂಡವಿದೆ. ಎಂದರೆ 'ಸಿಕ್ಕಿಕೊಂಡ ಆಕ್ಸಿಲರೇಟರು' ಅವರಿಗೆ ನಿತ್ಯದ ಅವಸ್ಥೆಯೇ ಹೊರತು ಆಪತ್ತಲ್ಲ. ನಿಲ್ಲಬೇಕೆಂದರೆ ಕಾಲು ತಾನಾಗಿ ಕ್ಲಚ್ಚಿಗೆ ಹೋಗುವದು. ನನ್ನ ತಂಗಿಯ ಮಗಳು ಟ್ರ್ಯಾಕ್ಟರು ನಡೆಸಿದವಳಲ್ಲ. ಆದರೆ ಅವಳಿಗೆ ಬಂಡಿ ಕಲಿಸಿದ ನಮ್ಮ ತಂಗಿಯ ಯಜಮಾನರು ಗದಗಿನ ಕಡೆಯ ಒಕ್ಕಲುತನದ ಮನೆಯವರು. ವಿದ್ಯೆಯು ಯಾವ ದಾರಿಯಿಂದ ಬಂದು ಯಾವ ಗಳಿಗೆಗೆ ಒದಗುವದೋ!

ಕಠೋಪನಿಷತ್ತಿನ ರಥದ ರೂಪಕದಲ್ಲಿ ಬುದ್ಧಿಯು ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಎಷ್ಟೋ ಸಲ ಅದನ್ನು ತರಗತಿಯಲ್ಲಿ ವಿವರಿಸಿದವನು ನಾನು. ಕುಪ್ಪೇಲೂರಿನ ದಾರಿಯಲ್ಲಿ ನನ್ನ ಬುದ್ಧಿಯು ಚಾವಿಯ ಕಡೆಗೆ ಓಡಿತು. ಅವಳ ಎಡಗಾಲು ಸರಿಯಾದ ಕಡೆಗೆ ಹೋಯಿತು.

ಹಾಸು ಸಿಕ್ಕಿಕೊಳ್ಳುವದು ನಮ್ಮೊಬ್ಬರ ಮನೆಯ ಮೂರ್ಖತನವೆಂದು ನಾನು ತಿಳಿದಿದ್ದೆನು. ಓದಲು ತೊಡಗಿದಾಗ ಬೇರೆಯೇ ಕಂಡಿತು. 2009ರ ಆಗಸ್ಟ್ 28ರಂದು ಅಮೇರಿಕೆಯ ಕ್ಯಾಲಿಫೋರ್ನಿಯಾದ ಸ್ಯಾಂಟೀ ಎಂಬಲ್ಲಿ ಒಂದು ಲೆಕ್ಸಸ್ ಬಂಡಿಯು ಹೀಗೆಯೇ ಹರಿದುಕೊಂಡು ಹೋಗಿ ನಾಲ್ವರು ಮಡಿದರು. ನಡೆಸುತ್ತಿದ್ದವರು ಹೆದ್ದಾರಿಯ ಪೊಲೀಸ್ ಅಧಿಕಾರಿ, ಎಂದರೆ ಬಂಡಿ ನಡೆಸುವದರಲ್ಲಿ ತರಬೇತಿಯಾದವರು. ಆ ಬಂಡಿಯಲ್ಲಿ ಬೇರೊಂದು ಮಾದರಿಗೆ ಸೇರಿದ ರಬ್ಬರಿನ ಹಾಸನ್ನು ಹಾಕಿದ್ದರು. ಅದು ಪೆಡಲನ್ನು ಹಿಡಿದಿತ್ತೆಂದು ತನಿಖೆಯಲ್ಲಿ ತಿಳಿಯಿತು. ಅದು ಚಾವಿಯ ಬದಲು ಗುಂಡಿಯುಳ್ಳ ಬಂಡಿ. ಓಡುವಾಗ ಆ ಗುಂಡಿಯನ್ನು ಮೂರು ಸೆಕೆಂಡು ಒತ್ತಿಯೇ ಹಿಡಿಯದೆ ಇಂಜಿನು ಆರುತ್ತಿರಲಿಲ್ಲ. ಮನಸ್ಸನ್ನು ಕಲಕುವ ಸಂಗತಿಯೊಂದು ಇನ್ನೂ ಇದೆ. ಕೆಲವೇ ದಿನಗಳ ಹಿಂದೆ ಅದೇ ಬಂಡಿಯನ್ನು ಒಯ್ದಿದ್ದ ಇನ್ನೊಬ್ಬರಿಗೂ ಇದೇ ಗತಿಯಾಗಿ, ಅವರು ಹೇಗೋ ದಂಡೆಗೆ ತಂದು ನಿಲ್ಲಿಸಿ, ಹಾಸನ್ನು ಬಿಡಿಸಿಕೊಂಡು, ಬಂಡಿಯನ್ನು ಹಿಂದಿರುಗಿಸುವಾಗ ಆ ವಿಷಯವನ್ನು ತಿಳಿಸಿಯೂ ಇದ್ದರು.

ಅದರ ಮುಂದೆ ಟೊಯೋಟಾ ಕಂಪನಿಯು ಲಕ್ಷಗಟ್ಟಲೆ ಬಂಡಿಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಿತು. 2014ರಲ್ಲಿ ಅಮೇರಿಕೆಯ ಸರಕಾರಕ್ಕೆ 120 ಕೋಟಿ ಡಾಲರು ದಂಡವನ್ನೂ ತೆತ್ತಿತು. ಬಂಡಿಯೊಳಗಿನ ಗಣಕಯಂತ್ರವೇ ತಪ್ಪಿತೋ ಎಂದು ನಾಸಾ ಸಂಸ್ಥೆಯ ಶಾಸ್ತ್ರಜ್ಞರು ತಿಂಗಳುಗಟ್ಟಲೆ ಶೋಧಿಸಿ, ಅಂಥ ದೋಷವು ಕಾಣಲಿಲ್ಲವೆಂದು 2011ರಲ್ಲಿ ವರದಿ ಕೊಟ್ಟರು. ಆದರೆ 2013ರಲ್ಲಿ ಒಕ್ಲಹೋಮಾದ ಒಂದು ವ್ಯಾಜ್ಯದಲ್ಲಿ ಜ್ಯೂರಿಯವರು ಕಂಪನಿಯ ವಿರುದ್ಧವಾಗಿಯೇ ತೀರ್ಪಿತ್ತರು. ಹೀಗೆ ಪಂಡಿತರಲ್ಲಿ ಮತಭೇದವುಂಟು. ಹಾಸಿನ ವಿಷಯದಲ್ಲಿ ಮಾತ್ರ ಮತಭೇದವಿಲ್ಲ: ಒಂದೇ ಇರಬೇಕು, ಆ ಬಂಡಿಯದೇ ಇರಬೇಕು, ಕೊಂಡಿಗೆ ಸಿಕ್ಕಿಸಿರಬೇಕು. ಸಿಕ್ಕಿಕೊಂಡಾಗ ಬಗ್ಗಿ ಕೈಯಿಂದ ಜಗ್ಗಲು ಹೋಗಬಾರದು. ಬಗ್ಗಿದವನಿಗೆ ದಾರಿಯು ಕಾಣದು. ಪಾದದ ತುದಿಯನ್ನು ಪೆಡಲಿನ ಕೆಳಗಿಟ್ಟು ಒಮ್ಮೆ ಎತ್ತಿ ನೋಡಬಹುದು, ಅಷ್ಟೇ. ಈಗಿನ ಅನೇಕ ಬಂಡಿಗಳಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ಒತ್ತಿದರೆ ಬ್ರೇಕಿನ ಮಾತೇ ನಡೆಯುವಂತೆ ವ್ಯವಸ್ಥೆಯಿದೆ. ನಮ್ಮ ಬಂಡಿಯಲ್ಲಿ ಇದೆಯೋ ಇಲ್ಲವೋ ಎಂಬದನ್ನು ಕೈಪಿಡಿಯಲ್ಲಿ ನೋಡಬೇಕು. ಕೈಪಿಡಿಯನ್ನು ಓದುವವರು ಯಾರು? ನಾನೂ ಅಲ್ಲಿಯವರೆಗೆ ಓದಿರಲಿಲ್ಲ.

ಕಟ್ಟೆಯ ಮಾತಿನಲ್ಲಿ ಇನ್ನೊಂದು ವಿಷಯವು ಬಂದಿತು. ಅದು ನನ್ನ ವಯಸ್ಸಿನವರಿಗೆ ಇನ್ನೂ ಹತ್ತಿರದ್ದು. ತಾಲೂಕಿನ ದೇವರಗುಡ್ಡದಲ್ಲಿ ಆಯುಧಪೂಜೆಯ ವೇಳೆಗೆ ಮಾಲತೇಶಸ್ವಾಮಿಯ ಕಾರಣಿಕವಾಗುವದು. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ವಾಕ್ಯಕ್ಕಾಗಿ ಸಾವಿರಾರು ಜನರು ಕಿವಿಗೊಟ್ಟು ನಿಂತಿರುತ್ತಾರೆ. ಅದೇ ಹಬ್ಬದಲ್ಲಿ ಮನೆಮನೆಯ ವಾಹನಗಳಿಗೂ ಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು. ಈ ಮಾತಿನ ಮೇಲೆ ಒಬ್ಬ ಹುಡುಗನು, ಹಿಂದಿನ ತಿಂಗಳಷ್ಟೇ ದಿಲ್ಲಿಯ ನಿರ್ಮಾಣ ವಿಹಾರದಲ್ಲಿ ನಡೆದುದನ್ನು ನೆನಪಿಸಿದನು. ಅಂಗಡಿಯ ಮೊದಲನೆಯ ಮಹಡಿಯಲ್ಲಿ ಹೊಸ ಬಂಡಿಯಿಂದ ನಿಂಬೆಹಣ್ಣು ತುಳಿಸುವಾಗ ಆಕ್ಸಿಲರೇಟರು ಜೋರಾಗಿ ಒತ್ತಿಹೋಗಿ, ಬಂಡಿಯು ಗಾಜಿನ ಗೋಡೆಯನ್ನೊಡೆದು ಕೆಳಗೆ ಬೀದಿಗೆ ಬಿದ್ದಿತು. ಜೀವಹಾನಿಯಾಗಲಿಲ್ಲ.

ಇಲ್ಲಿ ಪೆಡಲು ಸಿಕ್ಕಿಕೊಂಡದ್ದಲ್ಲ, ಕಾಲು ತಪ್ಪಿದ್ದು. ರೋಗ ಬೇರೆ, ಲಕ್ಷಣ ಒಂದೇ. ಬ್ರೇಕೆಂದು ತಿಳಿದು ಆಕ್ಸಿಲರೇಟರನ್ನು ಒತ್ತಿದವನು, ಬಂಡಿಯು ಹಾರಿದಷ್ಟೂ 'ಬ್ರೇಕನ್ನು' ಇನ್ನಷ್ಟು ಒತ್ತುವನು. ಕೊನೆಯವರೆಗೂ ಬ್ರೇಕು ಹಿಡಿಯಲಿಲ್ಲವೆಂದೇ ಅವನ ನಂಬಿಕೆ, ಸುಳ್ಳು ಹೇಳುವನೆಂದಲ್ಲ. ಜಪಾನದ ಟೋಕಿಯೋ ನಗರದ ಇಕೆಬುಕುರೋದಲ್ಲಿ 2019ರ ಏಪ್ರಿಲ್ ತಿಂಗಳಲ್ಲಿ 87 ವರ್ಷದ ಒಬ್ಬ ವೃದ್ಧರ ಬಂಡಿಯು ಒಬ್ಬ ತಾಯಿಯನ್ನೂ ಅವಳ ಮೂರು ವರ್ಷದ ಮಗಳನ್ನೂ ಬಲಿ ತೆಗೆದುಕೊಂಡಿತು. ಬಂಡಿಯದೇ ದೋಷವೆಂದು ಅವರು ವಾದಿಸಿದರು; ಆಕ್ಸಿಲರೇಟರನ್ನೇ ಒತ್ತಿದ್ದರೆಂದು ನ್ಯಾಯಾಲಯವು 2021ರಲ್ಲಿ ನಿರ್ಣಯಿಸಿ ಐದು ವರ್ಷದ ಸೆರೆಮನೆಯನ್ನು ವಿಧಿಸಿತು.

ಇದನ್ನು ಓದಿದ ರಾತ್ರಿ ನಮ್ಮ ಮನೆಯವರಿಗೆ ಒಂದು ಸಂಗತಿಯನ್ನು ಹೇಳಿದೆನು. ಎರಡು ವರ್ಷ ಮುಚ್ಚಿಟ್ಟಿದ್ದುದು. ಐವತ್ತೆಂಟನೆಯ ವಯಸ್ಸಿನಲ್ಲಿ ನಾನೂ ಬಂಡಿ ಕಲಿತೆನು; ಕ್ಲಚ್ಚು ಇಲ್ಲದ್ದು. ಒಂದು ದಿವಸ ಅಂಗಳದಲ್ಲಿ ತುಳಸೀಕಟ್ಟೆಗೆ ಗುದ್ದಿದಾಗ, "ಬ್ರೇಕು ಜಾರಿತು" ಎಂದು ಎಲ್ಲರಿಗೂ ಹೇಳಿದ್ದೆನು. ಬ್ರೇಕು ಜಾರಿರಲಿಲ್ಲ. ಹಿಂದಕ್ಕೆ ತಿರುಗಿ ನೋಡುತ್ತ ಕುಳಿತದ್ದರಿಂದ ಹಿಮ್ಮಡಿಯು ಬಲಕ್ಕೆ ಸರಿದು, ಪಾದವು ಆಕ್ಸಿಲರೇಟರಿನ ಮೇಲೆ ಬಿದ್ದಿತ್ತು. ಮನೆಯವರು, "ನನಗ ಅವತ್ತ ಗೊತ್ತಿತ್ತು" ಎಂದರು. ನಿಂತಲ್ಲಿಂದ ಬಂಡಿಯು ತಾನಾಗಿ ಹಾರಿದರೆ ಮೊದಲು ಮಾಡತಕ್ಕದ್ದು ಒತ್ತುವದಲ್ಲ, ಕಾಲನ್ನು ಪೂರ್ತಿ ಎತ್ತಿಕೊಳ್ಳುವದು. ಹಿಮ್ಮಡಿಯನ್ನು ಬ್ರೇಕಿನ ಎದುರಿಗೆ ಊರಿಟ್ಟು, ಪಾದದ ತುದಿಯನ್ನಷ್ಟೇ ಅತ್ತ ತಿರುಗಿಸಬೇಕು. ಸಡಿಲಾದ ಚಪ್ಪಲಿಯೂ, ಸೀಟಿನಡಿ ಉರುಳಾಡುವ ನೀರಿನ ಬಾಟಲಿಯೂ ಬೇಡ. ಬಾಟಲಿಯು ಬ್ರೇಕಿನ ಕೆಳಗೆ ಹೊಕ್ಕರೆ ಬ್ರೇಕು ಇಳಿಯಲಾರದು.

ಮರುದಿವಸ ಬೆಳಿಗ್ಗೆ ಚಾಲಕರು ನಮ್ಮಿಬ್ಬರನ್ನೂ ಊರಾಚೆಯ ಒಂದು ಬಯಲಿಗೆ ಕರೆದೊಯ್ದರು. ಹುಡುಗಿಯು ಬಂಡಿಯನ್ನು ಮೆಲ್ಲನೆ ಓಡಿಸುತ್ತಿರಲು ಅವರು ಏಕಾಏಕಿ "ಸಿಕ್ಕಿತು!" ಎಂದು ಕೂಗುವದು, ಅವಳು ಕ್ಲಚ್ಚು, ಬ್ರೇಕು, ದಂಡೆ, ಗೇರು, ಕೊನೆಗೆ ಚಾವಿ ಎಂಬ ಕ್ರಮದಿಂದ ನಿಲ್ಲಿಸುವದು. ಹತ್ತು ಸಲವಾದ ಮೇಲೆ ನನ್ನನ್ನೂ ಕೂಡ್ರಿಸಿದರು. ಮೊದಲನೆಯ ಸಲ ನನ್ನ ಕೈಯು ಚಾವಿಗೇ ಹೋಯಿತು. ಏಳನೆಯ ಸಲಕ್ಕೆ ಹೋಗಲಿಲ್ಲ. "ಪಾಸ್ ಮಾರ್ಕ್ ಕೊಡಬಹುದ್ರಿ ಮಾಸ್ತರ" ಎಂದರು.

ಊರಿನಿಂದ ಹೊರಡುವಾಗ ಆ ಮುದುಕಿಯ ಮನೆಗೆ ಹೋದೆವು. ಅಂದು ಅಂಚಿಗೆ ಆಡುತ್ತಿದ್ದ ಮಕ್ಕಳಿಬ್ಬರೂ ಆಕೆಯ ಮೊಮ್ಮಕ್ಕಳೇ. ಮೂರನೆಯದು ಹುಟ್ಟಿ ಎರಡು ತಿಂಗಳಾಗಿತ್ತು. ನಾನು ಕೈಜೋಡಿಸಿ ಏನನ್ನೋ ಹೇಳಹೋದೆನು. ಆಕೆಯು ಅದನ್ನು ಕೇಳದೆ, "ಆ ಕೌದಿ ತುಂಡು ಎಲ್ಲೈತ್ರಿ? ನಿಮಗ ಬ್ಯಾಡಾಗಿದ್ದರ ಇಲ್ಲಿ ಕೊಡ್ರಿ, ಕೂಸಿನ ತೊಟ್ಟಲದಾಗ ಹಾಸಾಕ ಆಗತೈತಿ" ಎಂದಳು. ಹುಡುಗಿಯು ಓಡಿಹೋಗಿ ಬಂಡಿಯ ಹಿಂದಿನಿಂದ ತಂದು, ಕೊಡವಿ, ಮಡಿಚಿ ಕೊಟ್ಟಳು. ತೊಟ್ಟಿಲಲ್ಲಿ ಅದನ್ನು ಹಾಸಿ, ಕೂಸನ್ನು ಮಲಗಿಸಿ, ಆಕೆಯು ಒಮ್ಮೆ ತೂಗಿದಳು. ಹೊರಗೆ ಬಂದಾಗ ರಸ್ತೆಯ ಮೇಲಿನ ಗೋವಿನಜೋಳವನ್ನೆಲ್ಲ ಚೀಲಗಳಲ್ಲಿ ತುಂಬಿಯಾಗಿತ್ತು. ಮೂಡಣದಲ್ಲಿ ಮೋಡ ಏರುತ್ತಿತ್ತು.